ದವಡೆಯೊಳಗಿನ ಎರಡನೇ ಲೈನ್

ಡಗ್ಲಸ್, ಕಾರ್ಕ್
ಭಾನುವಾರ, 23 ನವೆಂಬರ್ 2025

ಪ್ರಿಯ ಕಾತ್ಯಾಯಿನಿ,

ಇಲ್ಲಿ ಮಗಳ ಮನೆಯಲ್ಲಿ ಎಲ್ಲರೂ ಕ್ಷೇಮ, ನನ್ನ ಒಂದು ಹಲ್ಲನ್ನು ಬಿಟ್ಟು. ಕೆಳದವಡೆಯ ಬಲಗಡೆಯ ಕೊನೆಯ ಹಲ್ಲನ್ನು ಮೊನ್ನೆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ತೆಗೆದರು. ನೋವಾಗಲಿಲ್ಲ. ಅದಕ್ಕೆ ಹನ್ನೆರಡು ದಿನ ಮೊದಲು ಅದೇ ಕುರ್ಚಿಯಲ್ಲಿ ಅದೇ ಹಲ್ಲು ನನ್ನ ಜೀವ ತೆಗೆದಿತ್ತು. ಕಾರಣ ಈಗ ಗೊತ್ತಾಗಿದೆ. ದವಡೆಯ ಮೂಳೆಯೊಳಗೆ ನರ ಹಾದುಹೋಗುವುದಕ್ಕೆ ಒಂದು ಸಣ್ಣ ನಾಲೆ ಇರುತ್ತದಂತೆ. ನನಗೆ ಎರಡಿವೆ. ಇದನ್ನು ವರದಿ ಮಾಡಿದವರು ಇಲ್ಲಿನ ದಂತವೈದ್ಯೆ ಡಾಕ್ಟರ್ ಗ್ರೋನ್ಯಾ ಟೂಮಿ. ಆಧಾರ, ನವೆಂಬರ್ 12ರಂದು ತೆಗೆದ ಸ್ಕ್ಯಾನ್.

ಫೋನಿನಲ್ಲಿ ನನ್ನ ಮಾತು ತೊದಲಿದಾಗ ನೆಗಡಿ ಎಂದಿದ್ದೆ. ಅದು ಸುಳ್ಳು.

ನಿಜವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹಲ್ಲಿನ ಮಾತು ಬಂದ ಕೂಡಲೇ ನೀನು ಕುಕ್ಕರ್ ಕೂಗುತ್ತಿದೆ ಎಂದು ಫೋನ್ ಇಡುತ್ತೀಯ. ಕಳೆದ ಒಂದು ತಿಂಗಳಲ್ಲಿ ನಮ್ಮ ಮನೆಯ ಕುಕ್ಕರ್ ಒಂಬತ್ತು ಸಲ ಕೂಗಿದೆ. ಅದರಲ್ಲಿ ಎರಡು ಸಲ ನೀನು ಶಾಲೆಯಲ್ಲಿದ್ದೆ, ಹಿಂದೆ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಆದ್ದರಿಂದ ಕಾಗದ. ಸ್ಪಂದನಾಳ ಆಫೀಸಿನ ಆದರ್ಶ ಗುರುವಾರ ಊರಿಗೆ ಹೊರಟಿದ್ದಾನೆ. ಅವನ ಮನೆ ಮೈಸೂರಿನಲ್ಲೇ, ತಂದು ನಿನ್ನ ಕೈಗೇ ಕೊಡುತ್ತಾನೆ. ಕಾಗದ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಇಲಾಖೆಯಲ್ಲಿ ಬಾಯಿಮಾತಿನ ಲೈನ್ ಕ್ಲಿಯರ್‌ಗೆ ಬೆಲೆ ಇರಲಿಲ್ಲ. ಈ ಲೈನಿನಲ್ಲಿ ಕರೆಂಟ್ ತೆಗೆದಿದೆ, ಕಂಬ ಹತ್ತಬಹುದು ಎಂದು ಬರೆದು ಸಹಿ ಮಾಡಿ ಕೊಟ್ಟರೆ ಮಾತ್ರ ಲೈನ್‌ಮನ್ ಹತ್ತುತ್ತಿದ್ದ. ನಾನು ಹೇಳಬೇಕಾದದ್ದೂ ಸಹಿ ಮಾಡಿ ಹೇಳುವಂಥದ್ದು.

ಮೊದಲು ಕೋಡುಬಳೆಯ ಮೇಲಿನ ಆರೋಪವನ್ನು ಕೈಬಿಡುತ್ತೇನೆ. ನೀನು ಕಟ್ಟಿಕೊಟ್ಟ ಡಬ್ಬಿಯ ತಳದಲ್ಲಿ ಕೊನೆಯದೊಂದು ಉಳಿದಿತ್ತು. ನವೆಂಬರ್ 3ರ ಸಂಜೆ, ಸ್ಪಂದನಾ ರಿಂಗಾಸ್ಕಿಡಿಯ ಫ್ಯಾಕ್ಟರಿಯಿಂದ ಬರುವ ಮೊದಲು, ಐಶುವಿಗೂ ಕೊಡದೆ ನಾನೊಬ್ಬನೇ ಅದನ್ನು ಕಡಿದೆ. ಟಕ್ ಎಂದಿತು. ಎರಡು ತಿಂಗಳ ಹಳೆಯ ಕೋಡುಬಳೆ ಕಲ್ಲಾಗಿದೆ ಎಂದುಕೊಂಡೆ. ಬಾಯಿಂದ ತೆಗೆದು ನೋಡಿದರೆ ಕೋಡುಬಳೆ ಸರಿಯಾಗಿಯೇ ಇತ್ತು, ಹಲ್ಲು ಸೀಳಿತ್ತು. ಹಲ್ಲಿನಲ್ಲಿ ಹಳೆಯ ಬಿರುಕಿತ್ತು, ಇವತ್ತಲ್ಲ ನಾಳೆ ಅನ್ನ ತಿಂದರೂ ಒಡೆಯುತ್ತಿತ್ತು ಎಂದು ಡಾಕ್ಟರ್ ಹೇಳಿದರು.

ನವೆಂಬರ್ 6, ಗುರುವಾರ, ಮಧ್ಯಾಹ್ನ ಹನ್ನೆರಡು. ಅಳಿಯ ಶಶಾಂಕ್ ಕೆಲಸಕ್ಕಾಗಿ ವಾರವಿಡೀ ದೂರದ ಲೀಕ್ಸ್‌ಲಿಪ್‌ನಲ್ಲೇ ಇರುವುದರಿಂದ ಸ್ಪಂದನಾ ಅರ್ಧ ದಿನ ರಜೆ ಹಾಕಿ ನನ್ನನ್ನು ಕರೆದುಕೊಂಡು ಹೋದಳು. ಡಾಕ್ಟರ್ ನಿನ್ನ ತಂಗಿ ರತ್ನಾಳ ವಯಸ್ಸಿನವರು, ಗಟ್ಟಿ ದನಿ, ಎಲ್ಲದಕ್ಕೂ ‘ಗ್ರ್ಯಾಂಡ್’ ಎನ್ನುತ್ತಾರೆ. ಎಕ್ಸ್‌ರೇ ಗ್ರ್ಯಾಂಡ್, ಬಿಪಿ ಗ್ರ್ಯಾಂಡ್, ನನ್ನ ಇಂಗ್ಲಿಷ್ ಕೂಡ ಗ್ರ್ಯಾಂಡ್. ಕುರ್ಚಿಯಲ್ಲಿ ಕೂರಿಸಿದ ಮೇಲೆ, ಇಂಜೆಕ್ಷನ್ ಕೈಗೆತ್ತಿಕೊಳ್ಳುವ ಮೊದಲು, ಒಂದು ನಿಯಮ ಹೇಳಿದರು. ನೋವಾದರೆ ಎಡಗೈ ಎತ್ತಬೇಕು, ಎತ್ತಿದರೆ ಅವರು ನಿಲ್ಲಿಸುತ್ತಾರೆ, ಯಾಕೆ ಎಂದು ಕೇಳುವುದಿಲ್ಲ. ನನಗೆ ನಗು ಬಂತು. ಮೂವತ್ತಾರು ವರ್ಷ ಕರೆಂಟಿನ ಜೊತೆ ಬಾಳಿದವನು ನಾನು, ನನ್ನ ಕೈ ಏಳುವುದಿಲ್ಲ ಎಂದು ಅವರಿಗೆ ಇಂಗ್ಲಿಷಿನಲ್ಲಿ ಹೇಳು ಎಂದು ಸ್ಪಂದನಾಳಿಗೆ ಹೇಳಿದೆ. ಪುಣ್ಯಕ್ಕೆ ಅವಳು ಹೇಳಲಿಲ್ಲ.

ಇಂಜೆಕ್ಷನ್ ಕೊಟ್ಟರು. ತುಟಿ ಮರಗಟ್ಟಿತು, ಗಲ್ಲ ಮರಗಟ್ಟಿತು. ಚುಚ್ಚಿ ನೋಡಿದರು, ಗೊತ್ತಾಗಲಿಲ್ಲ. ಎಲ್ಲ ಪುಸ್ತಕದಲ್ಲಿರುವ ಹಾಗೇ ಆಯಿತು. ಆಮೇಲೆ ಹಲ್ಲನ್ನು ಮುಟ್ಟಿದರು.

ಆ ನೋವನ್ನು ನಿನಗೆ ವರ್ಣಿಸುವ ಅಗತ್ಯವಿಲ್ಲ. ಈ ಮನೆತನದಲ್ಲಿ ಅದು ಗೊತ್ತಿರುವುದು ನಿನಗೊಬ್ಬಳಿಗೇ. ನಾನು ಕೈ ಎತ್ತಲಿಲ್ಲ. ಎತ್ತಿದರೆ ಸ್ಪಂದನಾ ನೋಡುತ್ತಾಳೆ, ಸಂಜೆಗೆ ಶಶಾಂಕನಿಗೆ ಹೇಳುತ್ತಾಳೆ, ಅವನು ಯಾರಿಗೆ ಹೇಳುತ್ತಾನೋ, ನಾನು ಮದುವೆಮನೆಗಳಲ್ಲಿ ಹೇಳುವ ಕಥೆಯಲ್ಲಿ ನಿನ್ನ ಜಾಗಕ್ಕೆ ನಾನು ಬರುತ್ತೇನೆ. ಬೆವರಿಗೆ ಅಂಗಿ ಕುರ್ಚಿಗೆ ಅಂಟಿತು. ಎರಡನೇ ಸಲ ಮುಟ್ಟಿದಾಗಲೂ ತಡೆದುಕೊಂಡೆ. ಮೂರನೇ ಸಲ ಕೈ ನನ್ನನ್ನು ಕೇಳದೆ ಎದ್ದಿತು. ಅವರು ಹೇಳಿದ್ದು ಎಡಗೈ, ನಾನು ಎರಡನ್ನೂ ಎತ್ತಿದ್ದೆ. ಪೊಲೀಸರ ಕೈಗೆ ಸಿಕ್ಕಿಬಿದ್ದವನ ಹಾಗೆ ಎಂದು ಸ್ಪಂದನಾ ಆಮೇಲೆ ವರದಿ ಮಾಡಿದಳು.

ಡಾಕ್ಟರ್ ತಕ್ಷಣ ನಿಲ್ಲಿಸಿದರು. ಇನ್ನೊಂದು ಇಂಜೆಕ್ಷನ್ ಕೊಟ್ಟು, ಕಾದು, ಮತ್ತೆ ಮುಟ್ಟಿದರು. ಮತ್ತೆ ಕೈ ಎದ್ದಿತು. ಆಗ ಅವರು ಸಲಕರಣೆಗಳನ್ನು ಕೆಳಗಿಟ್ಟು, ಕುರ್ಚಿಯನ್ನು ನೇರ ಮಾಡಿ, ಇವತ್ತಿಗೆ ಸಾಕು ಎಂದರು. ನಾನು ಸ್ಪಂದನಾಳ ಮೂಲಕ ಕ್ಷಮೆ ಕೇಳಿದೆ, ನನಗೆ ಸ್ವಲ್ಪ ಭಯ ಜಾಸ್ತಿಯಾಗಿರಬೇಕು ಎಂದೆ. ಅವರು ಹೇಳಿದ್ದನ್ನು ಸ್ಪಂದನಾ ಕನ್ನಡದಲ್ಲಿ ಹೇಳಿದ ಹಾಗೇ ಬರೆಯುತ್ತೇನೆ:

“ಭಯ ಅಲ್ಲವಂತೆ ಅಪ್ಪಾ. ನೀವು ನೋವು ಅಂದ್ರೆ ನೋವೇ ಅಂತೆ. ಅದು ಎಲ್ಲಿಂದ ಬರ್ತಿದೆ ಅಂತ ಹುಡುಕೋದು ಅವರ ಕೆಲಸ ಅಂತೆ.”

ಅದನ್ನು ಇನ್ನೊಮ್ಮೆ ಹೇಳು ಎಂದೆ. ಕೇಳಿಸಲಿಲ್ಲವೇನೋ ಎಂದು ಅವಳು ತಿಳಿದಳು.

ಅಲ್ಲಿಂದ ನೇರವಾಗಿ ಐಶುವಿನ ಶಾಲೆಗೆ ಹೋಗಬೇಕಿತ್ತು. ಗೇಟಿನ ಹತ್ತಿರ ಬಂದ ತಾಯಂದಿರೆಲ್ಲ ನನ್ನನ್ನು ನೋಡಿ ಎಂದಿಗಿಂತ ಹೆಚ್ಚು ಪ್ರೀತಿಯಿಂದ ನಕ್ಕರು. ನಾನೂ ಅರ್ಧ ಬಾಯಿಯಲ್ಲಿ ನಕ್ಕೆ. ಐಶು ಓಡಿ ಬಂದು, ನಿಂತು, ನನ್ನ ಎದೆಯನ್ನೇ ನೋಡಿದಳು. ಅವಳ ಕಾರ್ಕ್ ಇಂಗ್ಲಿಷಿನಲ್ಲಿ ಜೋರಾಗಿ ಹೇಳಿದ್ದಿಷ್ಟು: ತಾತಾ, ನೀನು ಪಾಪುಗಳ ಹಾಗೆ ಬಿಬ್ ಕಟ್ಟಿಕೊಂಡಿದ್ದೀಯ. ಡಾಕ್ಟರ್ ಕೊರಳಿಗೆ ಕಟ್ಟಿದ್ದ ನೀಲಿ ಕಾಗದದ ಬಟ್ಟೆ ಹಾಗೇ ಇತ್ತು, ಸರಪಳಿಯ ಸಮೇತ, ಗಡಿಬಿಡಿಯಲ್ಲಿ ಸ್ಪಂದನಾಳೂ ಗಮನಿಸಿರಲಿಲ್ಲ. ಅದರ ಮೇಲೆ ಜೊಲ್ಲು ಸುರಿದಿತ್ತು.

ನೀನು ಈಗ ನಗುತ್ತಿದ್ದೀಯ. ನಗು. ಈ ಕಥೆಯನ್ನು ನಿನಗೆ ಪೂರ್ತಿ ಬರೆದುಕೊಟ್ಟಿದ್ದೇನೆ. ಇನ್ನು ಮುಂದೆ ಯಾವ ಪಂಕ್ತಿಯಲ್ಲಿ ಕೂತು ಯಾರಿಗೆ ಬೇಕಾದರೂ ಹೇಳಬಹುದು, ಬೇಕಾದರೆ ಜೊಲ್ಲನ್ನು ಹೆಚ್ಚಿಸಿಕೊಳ್ಳಬಹುದು.

ಬುಧವಾರ ಸ್ಕ್ಯಾನ್ ಆಯಿತು. ಮರುದಿನ ಡಾಕ್ಟರ್ ಅದನ್ನು ಪರದೆಯ ಮೇಲೆ ತೋರಿಸಿದರು. ನನ್ನ ದವಡೆಯನ್ನು ಬ್ರೆಡ್ಡಿನ ಹಾಗೆ ಹೋಳು ಹೋಳಾಗಿ ನೋಡಬಹುದು. ನರದ ನಾಲೆ ಹಿಂದಿನಿಂದ ಬಂದು ಮೂಳೆಯೊಳಗೆ ಮುಂದಕ್ಕೆ ಹೋಗುತ್ತದೆ. ಇಂಜೆಕ್ಷನ್ ಕೊಡುವುದು ಆ ನರ ಮೂಳೆಯನ್ನು ಹೊಗುವ ಜಾಗದ ಹತ್ತಿರ. ಅಲ್ಲಿ ತಡೆದರೆ ಕೆಳಗಿನ ಹಲ್ಲು, ತುಟಿ, ಗಲ್ಲ ಎಲ್ಲ ಮರಗಟ್ಟಬೇಕು. ನನ್ನ ಬಲಗಡೆ ಕೊನೆಯ ಹಲ್ಲಿನ ಹಿಂದೆ ಇನ್ನೊಂದು ತೆಳುವಾದ ನಾಲೆ ಇದೆ. ಅದು ಬೇರೆ ದಾರಿಯಲ್ಲಿ ಬಂದು ಆ ಹಲ್ಲಿನ ಬೇರಿಗೇ ಸೇರುತ್ತದೆ. ಮಾಮೂಲಿ ಎಕ್ಸ್‌ರೇಯಲ್ಲಿ ಕಾಣುವುದು ಅಪರೂಪ, ನೂರರಲ್ಲಿ ಒಬ್ಬರಿಗೆ ಕಂಡರೆ ಹೆಚ್ಚು. ಈ ಸ್ಕ್ಯಾನಿನಲ್ಲಿ ನೋಡಿದರೆ ಹತ್ತರಲ್ಲಿ ಒಬ್ಬರಿಗಾದರೂ ಇಂಥದ್ದು ಏನಾದರೊಂದು ಇರುತ್ತದೆ, ಕೆಲವು ಅಧ್ಯಯನಗಳ ಪ್ರಕಾರ ಇನ್ನೂ ಹೆಚ್ಚು. ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ಅವರೇ ಹೇಳಿದರು.

ಪರದೆ ನೋಡುತ್ತಿದ್ದ ಹಾಗೆ ನಾನು ಬ್ಯಾಕ್ ಫೀಡ್ ಎಂದೆ. ಅವರಿಗೆ ತಿಳಿಯಲಿಲ್ಲ. ಆಮೇಲೆ ನನ್ನ ಇಂಗ್ಲಿಷಿನಲ್ಲಿ ಲೈನ್‌ಮನ್ ಬಸವಣ್ಣನ ಕಥೆ ಹೇಳಿದೆ. ನಿನಗೆ ನೆನಪಿರಬೇಕು, ಸಂಕ್ರಾಂತಿಗೆ ಈಗಲೂ ಬೆಲ್ಲ ಕಳಿಸುವವನು. 1988ರಲ್ಲಿ ಮದ್ದೂರು ಸೆಕ್ಷನ್‌ನಲ್ಲಿ ನಾನು ಹೊಸ ಜೂನಿಯರ್ ಎಂಜಿನಿಯರ್. ಸ್ಟೇಷನ್ನಿನಲ್ಲಿ ಲೈನ್ ಆಫ್ ಆಗಿದೆ, ಲೈನ್ ಕ್ಲಿಯರ್ ಪುಸ್ತಕದಲ್ಲಿ ನನ್ನದೇ ಸಹಿ ಇದೆ. ಬಸವಣ್ಣ ಕಂಬ ಹತ್ತಿ, ಟೆಸ್ಟರ್ ಚಾಚಿ, ಮೇಲಿನಿಂದಲೇ ಕೂಗಿದ, “ಸ್ವಾಮಿ, ಕರೆಂಟೈತೆ.” ಪುಸ್ತಕದಲ್ಲಿ ಇಲ್ಲ. ಆದರೂ ನಾನು ವಾದ ಮಾಡಲಿಲ್ಲ, ಇಳಿಯಲು ಹೇಳಿದೆ. ಹುಡುಕಿದರೆ ಊರಾಚೆಯ ಅಕ್ಕಿ ಗಿರಣಿಯವನು ಜನರೇಟರ್ ಹಾಕಿಕೊಂಡಿದ್ದ, ಅದರ ಕರೆಂಟು ಹಿಂದಿನಿಂದ ನಮ್ಮ ಲೈನಿಗೇ ನುಗ್ಗುತ್ತಿತ್ತು. ಒಂದು ಕಡೆ ಆಫ್ ಮಾಡಿದ್ದೇವೆ ಎಂದು ತಂತಿ ಸತ್ತಿರುವುದಿಲ್ಲ. ಕಂಬದ ಮೇಲಿರುವವನು ಕರೆಂಟ್ ಇದೆ ಎಂದರೆ ಇದೆ. ಆಮೇಲೆ ಬಂದ ಎಲ್ಲ ಹುಡುಗರಿಗೂ ನಾನು ಮೊದಲು ಕಲಿಸಿದ ಪಾಠ ಇದೇ.

ಡಾಕ್ಟರಿಗೆ ಕಥೆ ತುಂಬಾ ಹಿಡಿಸಿತು. ಅಕ್ಕಿ ಗಿರಣಿಯನ್ನು ತನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ ಎಂದರು. ಕಥೆ ಹೇಳಿ ಮುಗಿಸಿದ ಮೇಲೆ ಅದು ನನ್ನ ಕಡೆಗೇ ತಿರುಗಿ ನೋಡುತ್ತಿರುವ ಹಾಗಿತ್ತು.

ಹದಿನೆಂಟನೇ ತಾರೀಕು ಅವರು ಎರಡು ಬೇರೆ ಬೇರೆ ಕಡೆ ಇಂಜೆಕ್ಷನ್ ಕೊಟ್ಟರು. ಒಂದು ಮಾಮೂಲಿ ಜಾಗಕ್ಕೆ, ಇನ್ನೊಂದು ಹಲ್ಲಿನ ಹಿಂದೆ, ಆ ಎರಡನೇ ಲೈನಿಗೆ. ಹಲ್ಲನ್ನು ಎರಡು ತುಂಡು ಮಾಡಿ ಹನ್ನೊಂದು ನಿಮಿಷದಲ್ಲಿ ತೆಗೆದರು. ನನ್ನ ಎರಡೂ ಕೈ ಹೊಟ್ಟೆಯ ಮೇಲೇ ಇದ್ದವು. ಮಧ್ಯಾಹ್ನ ನಾಲ್ಕಕ್ಕೆ ತುಟಿಗೆ ಸ್ಪರ್ಶ ಪೂರ್ತಿ ಮರಳಿತು. ಹಲ್ಲಿನ ತುಂಡುಗಳನ್ನು ಕೇಳಿ ತಂದೆ. ದಿಂಬಿನ ಕೆಳಗಿಡು, ಕಿನ್ನರಿ ಬಂದು ಒಯ್ಯುತ್ತಾಳೆ ಎಂದು ಐಶು. ನಮ್ಮಲ್ಲಿ ಮನೆಯ ಮೇಲೆ ಎಸೆಯುತ್ತೇವೆ ಎಂದು ನಾನು. ಅವಳಿಗೆ ಎಸೆಯುವುದೇ ಇಷ್ಟವಾಯಿತು. ಒಂದು ತುಂಡು ಚಾವಣಿಯಿಂದ ಉರುಳಿ ಅಂಚಿನ ಮಳೆನೀರಿನ ದೋಣಿಗೆ ಬಿತ್ತು, ಇನ್ನೊಂದು ಪಕ್ಕದ ಮನೆಯವರ ಗುಲಾಬಿ ಕುಂಡದಲ್ಲಿದೆ. ಅವರಿಗೆ ಇನ್ನೂ ಹೇಳಿಲ್ಲ.

ಈಗ ನಿನ್ನ ವಿಷಯ. ದಯವಿಟ್ಟು ಕುಕ್ಕರ್ ನೆನಪು ಮಾಡಿಕೊಳ್ಳಬೇಡ.

ನಾನು ಇಷ್ಟು ವರ್ಷ ಹೇಳಿದ ಕಥೆಯನ್ನು ಇಲ್ಲಿ ಹಾಗೇ ದಾಖಲಿಸುತ್ತೇನೆ. ಮಂಡ್ಯ, 1996, ಶ್ರಾವಣ. ಹೆಂಡತಿಗೆ ಕೆಳದವಡೆಯ ಎಡಗಡೆಯ ಹಲ್ಲು ನೋವು. ನಾನು ಕರೆದುಕೊಂಡು ಹೋಗಿ, ಹೊರಗೆ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತೆ. ಇಂಜೆಕ್ಷನ್ ಕೊಟ್ಟಾಗಿತ್ತು. ಡಾಕ್ಟರ್ ಇಕ್ಕಳ ತೋರಿಸಿದ್ದೇ ತಡ, ಇವಳು ಕಿರುಚಿ, ಕುರ್ಚಿಯಿಂದ ಇಳಿದು, ಕೊರಳಿಗೆ ಕಟ್ಟಿದ ಹಸಿರು ಬಟ್ಟೆಯ ಸಮೇತ ರಸ್ತೆ ದಾಟಿ ಶ್ರೀರಂಗಪಟ್ಟಣದ ಬಸ್ಸು ಹತ್ತಿದಳು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೆ ಬಾಯಿ ಅಗಲಿಸಿ ತೋರಿಸಿದಳು. ಇಲ್ಲಿ ನಾನು ಎದ್ದು ನಿಂತು, ಕರವಸ್ತ್ರವನ್ನು ಕೊರಳಿಗೆ ಸಿಕ್ಕಿಸಿಕೊಂಡು ಅಭಿನಯಿಸುತ್ತೇನೆ. ಜನ ನಗುತ್ತಾರೆ. ಸ್ಪಂದನಾಳ ನಿಶ್ಚಿತಾರ್ಥದಲ್ಲಿ ಹೇಳಿದ್ದೇನೆ, ಐಶುವಿನ ನಾಮಕರಣದಲ್ಲಿ ಹೇಳಿದ್ದೇನೆ.

ಸ್ಕ್ಯಾನ್ ನೋಡಿ ಬಂದ ದಿನ ರತ್ನಾಳಿಗೆ ಫೋನ್ ಮಾಡಿದೆ. ನಿನ್ನ ತಂಗಿ ಮೊದಲು ನನ್ನ ಬಿಬ್ಬಿನ ಕಥೆಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹೇಳಿದಳು, “ಭಾವ, ನಿಮ್ಮ ಬಸ್ಸಿನ ಕಥೆಗೆ ನಾವೆಲ್ಲ ನಕ್ಕಿದ್ದೀವಿ. ಅಕ್ಕ ನಕ್ಕಿದ್ದು ಒಂದು ಸಲನಾದ್ರೂ ನೋಡಿದ್ದೀರಾ?”

ಯೋಚಿಸಿದೆ. ನೋಡಿಲ್ಲ. ನಾಮಕರಣದ ದಿನ ನಾನು ಕರವಸ್ತ್ರ ತೆಗೆದಾಗ ನೀನು ಸಕ್ಕರೆ ತರಲು ಒಳಗೆ ಹೋದೆ, ಇಪ್ಪತ್ತು ನಿಮಿಷ ಬರಲಿಲ್ಲ ಎಂದು ರತ್ನಾ ಹೇಳಿದಳು. ಸಕ್ಕರೆ ಪಂಕ್ತಿಯಲ್ಲೇ ಇತ್ತಂತೆ.

ಅರ್ಧಕ್ಕೆ ಬಿಟ್ಟ ಆ ಹಲ್ಲೇ ಈಗ ಮತ್ತೆ ಎದ್ದಿದೆ. ಎರಡು ವರ್ಷದಿಂದ ನೀನು ಬಲಗಡೆಯಲ್ಲೇ ಅಗಿಯುತ್ತಿದ್ದೀಯ. ದೀಪಾವಳಿಯ ದಿನ ವಿಡಿಯೋ ಕರೆಯಲ್ಲಿ ಕೆನ್ನೆ ಊದಿತ್ತು. ನೀನು ಫೋನನ್ನು ಸೀಲಿಂಗ್ ಫ್ಯಾನಿನ ಕಡೆ ತಿರುಗಿಸಿದ್ದು ಅದಕ್ಕೇ ಎಂದು ನನಗೆ ಗೊತ್ತು. ಮಾತ್ರೆ, ಲವಂಗ, ಬಿಸಿ ಉಪ್ಪುನೀರು ಸೋಂಕನ್ನು ತೆಗೆಯುವುದಿಲ್ಲ. ಅದು ಮೂಳೆಗೆ, ಕುತ್ತಿಗೆಗೆ ಇಳಿದರೆ ಆಸ್ಪತ್ರೆಯೇ ಗತಿ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಡಾಕ್ಟರ್ ಟೂಮಿಯವರನ್ನು ಕೇಳಿ ಬರೆಯುತ್ತಿದ್ದೇನೆ.

ನಿನಗೂ ಎರಡನೇ ನಾಲೆ ಇದೆಯೇ ಎಂದು ಅವರನ್ನು ಕೇಳಿದೆ. ಚಿತ್ರ ನೋಡದೆ ಹೇಳುವುದಿಲ್ಲ ಎಂದರು. ಇರಬಹುದು. ಇಲ್ಲದೆಯೂ ಇರಬಹುದು, ಕೀವು ತುಂಬಿದ ಹಲ್ಲಿಗೂ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲವಂತೆ. 1996ರಲ್ಲಿ ಮಂಡ್ಯದಲ್ಲಿ ಈ ಸ್ಕ್ಯಾನ್ ಇರಲಿಲ್ಲ, ಆ ಡಾಕ್ಟರಿಗೆ ಕಾಣುವ ದಾರಿಯೂ ಇರಲಿಲ್ಲ. ಆದ್ದರಿಂದ ಎರಡನೇ ನಾಲೆ ಇದೆ ಎಂದು ನಾನು ಸಾಧಿಸುವುದಿಲ್ಲ. ನಿನಗೆ ನೋವಾಯಿತು ಎಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಅದಕ್ಕೆ ಸ್ಕ್ಯಾನ್ ಬೇಡ.

ಸ್ಕ್ಯಾನ್ ಎಂದರೆ ಹೀಗೆ: ನಿಂತುಕೊಂಡು ಗಲ್ಲವನ್ನು ಒಂದು ಪಟ್ಟಿಯ ಮೇಲಿಡಬೇಕು, ಯಂತ್ರ ತಲೆಯ ಸುತ್ತ ಒಂದು ಪ್ರದಕ್ಷಿಣೆ ಬರುತ್ತದೆ. ನನಗೆ ಹಿಡಿದದ್ದು ಹದಿನೆಂಟು ಸೆಕೆಂಡು. ಸೂಜಿ ಇಲ್ಲ, ಯಾರೂ ಬಾಯೊಳಗೆ ಕೈ ಹಾಕುವುದಿಲ್ಲ. ಮೈಸೂರಿನಲ್ಲೇ ಮಾಡುತ್ತಾರೆ. ರತ್ನಾ ವಿಚಾರಿಸಿದ್ದಾಳೆ, ಒಂದು ಸಮಯವನ್ನೂ ಹಿಡಿದಿಟ್ಟಿದ್ದಾಳೆ. ನಿನ್ನನ್ನು ಕೇಳದೆ ಹಿಡಿದಿಟ್ಟದ್ದು ನನ್ನ ಮಾತಿನ ಮೇಲೆ. ಹಳೆಯ ಅಭ್ಯಾಸ. ಬೇಡ ಎನಿಸಿದರೆ ಹಿಂದಿನ ಸಂಜೆಯೊಳಗೆ ಅವಳಿಗೆ ಹೇಳು, ಅವಳು ಬಿಡಿಸುತ್ತಾಳೆ. ನಾನು ಯಾಕೆ ಎಂದು ಕೇಳುವುದಿಲ್ಲ. ಹಲ್ಲು ತೆಗೆಸುವುದು ಚಿತ್ರ ಬಂದ ಮೇಲಿನ ಮಾತು. ತೆಗೆಸುವ ದಿನ ಬಂದರೆ ನಾನು ಒಳಗಿರಬೇಕೋ ಹೊರಗಿರಬೇಕೋ ಅದೂ ನಿನ್ನದೇ ತೀರ್ಮಾನ.

ಜನವರಿಯಲ್ಲಿ ರತ್ನಾಳ ಮಗ ರೋಹನ್‌ನ ಮದುವೆ. ಊಟಕ್ಕೆ ಕೂತಾಗ ಯಾರಾದರೂ, ವೆಂಕಟೇಶಣ್ಣ, ಆ ಬಸ್ಸಿನ ಕಥೆ ಹೇಳಿ ಎನ್ನುತ್ತಾರೆ. ಆಗ ನಾನು ಬಿಬ್ಬಿನ ಕಥೆ ಹೇಳುತ್ತೇನೆ. ನಿನಗೆ ಹೇಳಬೇಕೆನಿಸಿದರೆ ನೀನು ಹೇಳು, ನಾನು ಎದ್ದು ನಿಂತು ಅಭಿನಯಿಸುತ್ತೇನೆ.

ಸ್ಪಂದನಾ, ಶಶಾಂಕ್ ನಮಸ್ಕಾರ ತಿಳಿಸಿದ್ದಾರೆ. ಐಶು ಅಜ್ಜಿಗೆ ಹಲ್ಲಿನ ಚಿತ್ರ ಬರೆದು ಇದರೊಳಗಿಟ್ಟಿದ್ದಾಳೆ. ಅದಕ್ಕೆ ಕಣ್ಣು, ಮೂಗು, ನನ್ನ ಕನ್ನಡಕ ಎಲ್ಲ ಇವೆ. ಹಿಂದೆಲ್ಲ ನಾನು ನಿನಗೆ ಬರೆದ ಕಾಗದಗಳನ್ನು ಆಶೀರ್ವಾದದಿಂದ ಮುಗಿಸುತ್ತಿದ್ದೆ. ಈ ಸಲ ಆಶೀರ್ವಾದ ಮಾಡುವ ಸ್ಥಿತಿಯಲ್ಲಿ ನಾನಿಲ್ಲ.

ಒಂದು ಹಲ್ಲು ಕಡಿಮೆಯಾಗಿರುವ,
ನಿನ್ನ
ವೆಂಕಟೇಶ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಮೇಲೆ ದಾಖಲಿಸಿದ ಕಥೆಯಲ್ಲಿ ಒಂದು ಸಂಗತಿ ತಪ್ಪಾಗಿದೆ. ನಾನು ಹೊರಗೆ ಬೆಂಚಿನ ಮೇಲೆ ಇರಲಿಲ್ಲ. ಒಳಗೆ, ನಿನ್ನ ಕುರ್ಚಿಯ ಪಕ್ಕದಲ್ಲಿ ನಿಂತಿದ್ದೆ. ನೀನು ನನ್ನ ಮಣಿಕಟ್ಟು ಹಿಡಿದು, “ರೀ, ಇನ್ನೂ ನೋವಾಗ್ತಿದೆ, ನಿಲ್ಲಿಸೋಕೆ ಹೇಳಿ” ಎಂದೆ. ಡಾಕ್ಟರ್ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು, “ನೀವು ಮಾಡಿ ಡಾಕ್ಟ್ರೇ, ಅವಳಿಗೆ ಭಯ ಜಾಸ್ತಿ” ಎಂದೆ. ನೀನು ಕಿರುಚಲೇ ಇಲ್ಲ. ನನ್ನ ಕೈ ಬಿಟ್ಟು, ಎದ್ದು, ಹೋದೆ. ಕ್ರಮ ಹೀಗಿತ್ತು. ನಿನಗೆ ಇದು ಗೊತ್ತು. ನನಗೂ ಗೊತ್ತಿದೆ ಎಂದು ನಿನಗೆ ತಿಳಿಸಲು ಇಪ್ಪತ್ತೊಂಬತ್ತು ವರ್ಷ ಹಿಡಿಯಿತು. ಬಸವಣ್ಣ ಕಂಬದ ಮೇಲಿನಿಂದ ಹೇಳಿದಾಗ ನಂಬಿದ್ದೆ.

ನಾನು ಹೊರಡುವುದು ಡಿಸೆಂಬರ್ 10. ಸ್ಕ್ಯಾನ್ ಡಿಸೆಂಬರ್ 13, ಶನಿವಾರ, ಬೆಳಿಗ್ಗೆ ಹತ್ತೂಕಾಲು. ರತ್ನಾ ಒಂಬತ್ತೂವರೆಗೆ ಮನೆಗೆ ಬರುತ್ತಾಳೆ.